ಸೀರೆ ಉಡಲು ಕಲಿಸದೆ ಹೋದದ್ದು

ಆಕ್ಯುಪೇಷನಲ್ ಥೆರಪಿಯಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಗ ನಾನು ಮಾಡಿದ ಪ್ರಾಜೆಕ್ಟ್ ಲಕ್ವ ಹೊಡೆದವರ ಕೈಗೆ ಸಂಬಂಧಿಸಿದ್ದು. ಸೋತ ಕೈಯನ್ನು ಜನ ಬೇಗ ಮರೆತುಬಿಡುತ್ತಾರೆ. ಎಲ್ಲ ಕೆಲಸವನ್ನೂ ಚೆನ್ನಾಗಿರುವ ಕೈಯಿಂದಲೇ ಮುಗಿಸಿಕೊಳ್ಳುತ್ತಾರೆ. ಅದಕ್ಕೇ ಚೆನ್ನಾಗಿರುವ ಕೈಗೆ ದಿನಕ್ಕೆ ಕೆಲವು ಗಂಟೆ ದಪ್ಪನೆಯ ಕೈಗವಸು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸಬೇಕು. ಆರು ವಾರ ಹೀಗೆ ಮಾಡಿದರೆ ಬೆರಳುಗಳು ಎಷ್ಟು ಚುರುಕಾಗುತ್ತವೆ ಎಂದು ನಾನು ಅಳೆಯಬೇಕಿತ್ತು.

ಶಂಕರಪುರಂನ ಒಂದು ಹಳೆಯ ಮನೆಯ ಹಿರಿಯ ಹೆಂಗಸು ನನ್ನ ಪ್ರಾಜೆಕ್ಟಿಗೆ ಒಪ್ಪಿಕೊಂಡರು. ಅವರನ್ನು ನಾನು ಅಮ್ಮ ಎಂದೇ ಕರೆಯುತ್ತಿದ್ದೆ. ಅವರ ಮನೆತನದ್ದು ಪೇಟೆಯಲ್ಲಿ ಬೇರು, ಗಿಡಮೂಲಿಕೆ, ಪೂಜೆ ಸಾಮಾನು ಮಾರುವ ಗ್ರಂಧಿಗೆ ಅಂಗಡಿ. ಯಜಮಾನರು ಹೋದ ಮೇಲೆ ಮಗ ನಡೆಸುತ್ತಿದ್ದ ಅದೇ ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತು ಅಮ್ಮನೂ ಕೂರುತ್ತಿದ್ದರು. ಪೊಟ್ಟಣ ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲವಂತೆ. ಆ ಬಲಗೈಯೇ ಬಿದ್ದುಹೋಗಿತ್ತು.

ವಾರಕ್ಕೆ ಐದು ದಿನ ಅವರ ಮನೆಗೆ ಹೋಗುತ್ತಿದ್ದೆ. ಎಡಗೈಗೆ ಗವಸು ತೊಡಿಸಿ, ಬಲಗೈಯಿಂದ ಕಡಲೆಬೀಜ ಆರಿಸುವುದು, ಲೋಟ ಎತ್ತಿಡುವುದು, ಹಲಗೆಯ ತೂತುಗಳಿಗೆ ಸಣ್ಣ ಕಡ್ಡಿಗಳನ್ನು ಸಿಕ್ಕಿಸುವುದು, ಇಷ್ಟನ್ನು ಮಾಡಿಸುತ್ತಿದ್ದೆ. ವಾರಕ್ಕೊಮ್ಮೆ ಸ್ಟಾಪ್‌ವಾಚ್ ಹಿಡಿದು ಕೂರುತ್ತಿದ್ದೆ. ಅಮ್ಮ ತುಟಿ ಕಚ್ಚಿಕೊಂಡು ಕಡ್ಡಿ ಸಿಕ್ಕಿಸುತ್ತಿದ್ದರು. ಒಂದು ದಿನವೂ ಬೇಸರ ತೋರಿಸಲಿಲ್ಲ.

ಎರಡನೆಯ ವಾರವೋ ಏನೋ, ಗವಸು ಬಿಚ್ಚುತ್ತಿದ್ದಾಗ ಕೇಳಿದರು.

"ನಂಗೆ ಸೀರೆ ಉಟ್ಕೊಳ್ಳೋದು ಹೇಳ್ಕೊಡಮ್ಮ. ಎಡಗೈಲೇ ಆದ್ರೂ ಸರಿ."

ಅವರು ಮನೆಯಲ್ಲಿ ಯಾವಾಗಲೂ ನೈಟಿಯಲ್ಲೇ ಇರುತ್ತಿದ್ದುದನ್ನು ನಾನು ನೋಡಿದ್ದೆ, ಅದರ ಬಗ್ಗೆ ಯೋಚಿಸಿರಲಿಲ್ಲ. ಸೊಸೆ ಉಡಿಸಬಹುದಲ್ಲ ಎಂದೆ. ಆಗ ಅವರು ನಡೆದದ್ದನ್ನು ಹೇಳಿದರು. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಸೊಸೆಯೇ ಉಡಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಅವಳು ಔಷಧಿ ತರಲು ಹೋಗಿದ್ದಾಗ ಮೆಟ್ಟಿಲ ಮೇಲೆ ನೆರಿಗೆ ಪೂರ್ತಿ ಕಳಚಿಬಿತ್ತು. ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದರು, ಇನ್ನೊಂದು ಕೈ ಏಳುತ್ತಿರಲಿಲ್ಲ. ಹತ್ತುವವರು ಇಳಿಯುವವರು ಎಲ್ಲ ನೋಡಿದರು. ಸೊಸೆ ಬರುವವರೆಗೂ ಹಾಗೇ ನಿಂತಿದ್ದರಂತೆ. ಅವತ್ತಿನಿಂದ ಅಮ್ಮ ಹೊಸಿಲು ದಾಟಿರಲಿಲ್ಲ. ಯಾರು ಉಡಿಸಿದರೂ, ಬಿಚ್ಚಿಹೋದರೆ ತಾವೇ ಸರಿಮಾಡಿಕೊಳ್ಳಲು ಬರಬೇಕು ಎಂಬುದು ಅವರ ಹಟ.

ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವುದೇ ನನ್ನ ಓದು. ಬಟ್ಟೆ ತೊಡುವುದು ಅದರಲ್ಲಿ ಮೊದಲ ಪಾಠ. ಆದರೆ ನನ್ನ ಪ್ರಾಜೆಕ್ಟಿನ ನಿಯಮ ಎಡಗೈಯನ್ನು ಸುಮ್ಮನಿರಿಸುವುದು. ಎಡಗೈಯಲ್ಲಿ ಸೀರೆ ಉಡಲು ಕಲಿಸಿದರೆ ಅಳತೆಯೆಲ್ಲ ಕೆಡುತ್ತದೆ. ನನ್ನ ಗೈಡ್ ಆಗಿದ್ದ ಮೇಡಂ ಅವರನ್ನು ಕೇಳಿದೆ. ಸ್ಟಡಿ ಮುಗಿಯಲಿ, ಆಮೇಲೆ ಏನು ಬೇಕಾದರೂ ಕಲಿಸು ಎಂದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅಮ್ಮನಿಗೂ ಅದನ್ನೇ ಹೇಳಿದೆ. ಇನ್ನು ನಾಲ್ಕೇ ವಾರ ಅಮ್ಮ, ಮುಗಿದ ಮಾರನೆಯ ವಾರವೇ ಬರುತ್ತೇನೆ ಎಂದೆ. ಅವರು ನಂಬಿದರು.

ಆರನೆಯ ವಾರ ಮುಗಿಯಿತು. ಅಮ್ಮನ ಬೆರಳುಗಳು ನಿಜಕ್ಕೂ ಚುರುಕಾಗಿದ್ದವು. ಖುಷಿಯಲ್ಲಿ ನಾನು ಅವರ ಕೈ ಹಿಡಿದು ಕುಲುಕಿದೆ. ಅವರು ಒಬ್ಬಟ್ಟು ತಿನ್ನಿಸಿ ಕಳಿಸಿದರು.

ಮಾರನೆಯ ವಾರ ನಾನು ಹೋಗಲಿಲ್ಲ. ಪ್ರಬಂಧ ಬರೆಯಬೇಕಿತ್ತು. ಆಮೇಲೆ ವೈವಾ, ಆಮೇಲೆ ಮಲ್ಲೇಶ್ವರಂನಲ್ಲಿ ಹೊಸ ಕೆಲಸ. ಒಂದು ಸಲ ಅವರೇ ಫೋನ್ ಮಾಡಿದರು. ಮುಂದಿನ ವಾರ ಖಂಡಿತ ಎಂದೆ. ಬಿಡುವಾದಾಗ ಬಾಮ್ಮ ಎಂದರು, ಬೇರೇನೂ ಹೇಳಲಿಲ್ಲ. ಮೇಲಿನವರಿಗೆ ಕೊಟ್ಟ ಮಾತನ್ನು ನಾನು ಆ ದಿನಗಳಲ್ಲಿ ಒಂದೂ ತಪ್ಪಿಸಿರಲಿಲ್ಲ. ಅಮ್ಮನಿಗೆ ಕೊಟ್ಟದ್ದು ಮಾತ್ರ ವಾರದಿಂದ ವಾರಕ್ಕೆ ಮುಂದೆ ಹೋಯಿತು.

ಏಳೆಂಟು ತಿಂಗಳಾದ ಮೇಲೆ ಗಾಂಧಿಬಜಾರಿನಲ್ಲಿ ಹೂವು ಕೊಳ್ಳುವಾಗ ಅವರ ಸೊಸೆ ಸಿಕ್ಕಳು. ಅತ್ತೆ ನಿಮ್ಮನ್ನು ಕೇಳುತ್ತಿರುತ್ತಾರೆ ಎಂದಳು. ಅಲ್ಲಿಂದಲೇ ಅವಳ ಜೊತೆ ನಡೆದುಕೊಂಡು ಹೋದೆ.

ಅಮ್ಮ ನೈಟಿಯ ಮೇಲೊಂದು ಟವೆಲ್ ಹೊದ್ದು ಕೂತಿದ್ದರು. ನನ್ನ ಪರೀಕ್ಷೆ, ಕೆಲಸ ಎಲ್ಲ ವಿಚಾರಿಸಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಅಕ್ಕ ಹೋಗ್ಬಿಟ್ಳಮ್ಮ."

ಓಕಳಿಪುರಂನಲ್ಲಿದ್ದ ಅಕ್ಕನ ವಿಷಯ ಅವರು ಮೊದಲೂ ಹೇಳುತ್ತಿದ್ದರು. ಒಡಹುಟ್ಟಿದವರಲ್ಲಿ ಉಳಿದಿದ್ದವರು ಅವರಿಬ್ಬರೇ. ಆ ಅಕ್ಕ ಮೂರು ತಿಂಗಳು ಹಾಸಿಗೆ ಹಿಡಿದಿದ್ದರು. ತಂಗಿಯನ್ನು ನೋಡಬೇಕೆಂದು ಮತ್ತೆ ಮತ್ತೆ ಹೇಳಿ ಕಳಿಸಿದ್ದರು. ಅಮ್ಮ ನನಗೆ ಫೋನ್ ಮಾಡಿದ್ದು ಆ ದಿನಗಳಲ್ಲೇ.

"ನೈಟಿ ಹಾಕ್ಕೊಂಡು ಹೇಗ್ ಹೋಗ್ಲಿ ಹೇಳು. ಅವಳ ಮನೆ ತುಂಬಾ ಅಳಿಯಂದ್ರು, ಬೀಗರು. ಸೀರೆ ಉಟ್ರೆ ಮತ್ತೆ ಆವತ್ತಿನ ಹಾಗೆ ಆದ್ರೆ ಅಂತ ಭಯ. ಈ ವಾರ ಕಲ್ತು ಹೋಗೋಣ, ಆ ವಾರ ಹೋಗೋಣ ಅಂದ್ಕೊಂಡೇ ಇದ್ದೆ. ಕೊನೇಗೆ ಸುದ್ದಿ ಬಂದಾಗ ಸೊಸೇನೇ ಉಡ್ಸಿ ಕರ್ಕೊಂಡ್ ಹೋದ್ಲು. ಆವತ್ತು ಬಿಚ್ಚಿಹೋಗತ್ತೆ ಅನ್ನೋದು ಮನಸ್ಸಿಗೇ ಬರ್ಲಿಲ್ಲ."

ನಾನು ಬರಬೇಕಿತ್ತಮ್ಮ ಎಂದೆ.

"ನಿಂಗೂ ಓದಿತ್ತಲ್ಲ," ಎಂದರು. ಕೊಂಕಿನಿಂದ ಹೇಳಿದ್ದಲ್ಲ. ಕೊಂಕಾಗಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಆ ವಾರದಿಂದ ಭಾನುವಾರಗಳಂದು ಹೋದೆ. ಒಳಲಂಗಕ್ಕೆ ಲಾಡಿಯ ಬದಲು ಎಲಾಸ್ಟಿಕ್ ಹಾಕಿಸಿದೆವು. ರವಿಕೆಯ ಹುಕ್ಕುಗಳನ್ನು ತೆಗೆದು ಸೊಸೆ ಅಂಟುವ ಪಟ್ಟಿ ಹೊಲಿದಳು. ಸೀರೆಯನ್ನು ಮಂಚದ ಮೇಲೆ ಹರಡಿ, ಎಡಗೈಯಲ್ಲಿ ನೆರಿಗೆ ಮಡಿಸಿ, ಬಟ್ಟೆಗೆ ಹಾಕುವ ಕ್ಲಿಪ್ ಸಿಕ್ಕಿಸಿ, ಆಮೇಲೆ ಸುತ್ತಿಕೊಂಡು ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸುವುದು. ಮಡಿಸುವಾಗ ನೆರಿಗೆ ಜಾರದಂತೆ ಬಲಗೈ ಒತ್ತಿ ಹಿಡಿಯುತ್ತಿತ್ತು. ನನ್ನ ಆರು ವಾರದ ಕಡ್ಡಿಯಾಟ ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂದಿತ್ತು.

ಮೂರನೆಯ ಭಾನುವಾರ ಅಮ್ಮ ಉಟ್ಟು ನಿಂತರು. ಆಮೇಲೆ ಬೇಕೆಂದೇ ನೆರಿಗೆ ಎಳೆದು ಬೀಳಿಸಿದರು. ಗೋಡೆಗೆ ಒರಗಿಕೊಂಡು, ಯಾರ ಸಹಾಯವೂ ಇಲ್ಲದೆ, ಮತ್ತೆ ಸಿಕ್ಕಿಸಿಕೊಂಡರು. ಸೊಸೆ ನಗುತ್ತಾ ಕಣ್ಣೊರೆಸಿಕೊಂಡಳು. ನಾನು ನೆಲ ನೋಡುತ್ತಾ ನಿಂತಿದ್ದೆ. ಮೂರೇ ಭಾನುವಾರ ಸಾಕಾಗಿತ್ತು.

ಮುಂದಿನ ವಾರ ಮಗ ಅವರನ್ನು ಓಕಳಿಪುರಂಗೆ, ಅಕ್ಕನ ಮನೆಗೆ ಕರೆದುಕೊಂಡು ಹೋಗುವುದೆಂದಾಯಿತು. ನೀನೂ ಬಾ, ಅಕ್ಕನ ಮಕ್ಕಳಿಗೆ ನಿನ್ನನ್ನು ತೋರಿಸಬೇಕು ಎಂದು ಅಮ್ಮ ಎರಡು ಸಲ ಕರೆದರು. ನಾನು ಡ್ಯೂಟಿ ಇದೆ ಎಂದು ಸುಳ್ಳು ಹೇಳಿದೆ. ಆ ಮನೆಯವರ ಎದುರು, ನನಗೆ ಸೀರೆ ಉಡಲು ಕಲಿಸಿದವಳು ಇವಳೇ ಎಂದು ಅಮ್ಮ ಹೇಳುವುದನ್ನು ಕೇಳಿಸಿಕೊಂಡು ಕೂರುವ ಧೈರ್ಯ ನನಗಿರಲಿಲ್ಲ.