ಸಾರುವೆ ತೂತು

ಆ ಚಳಿಗಾಲ ನಾನು ಅಮೆರಿಕದ ಅಲೆನ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಇಟಲಿಯ ಸಿಯೆನಾ ಎಂಬ ಹಳೇ ಊರಿನ ಮಾದರಿ ಮಾಡಿಕೊಂಡು ಬಾ ಎಂದು ಮೊಮ್ಮಗಳಿಗೆ ಶಾಲೆಯಲ್ಲಿ ಹೇಳಿದ್ದರು. ಇಬ್ಬರೂ ಗ್ಯಾರೇಜಿನಲ್ಲಿ ರಟ್ಟು, ಅಂಟು, ಜೇಡಿಮಣ್ಣು ಹರಡಿಕೊಂಡು ಕೂತೆವು. ಲೈಬ್ರರಿ ಪುಸ್ತಕದ ಚಿತ್ರ ನೋಡಿ ಕಪ್ಪು ಬಿಳಿ ಪಟ್ಟೆಯ ದೊಡ್ಡ ಚರ್ಚು ಮಾಡಿದೆವು, ಮೊರದ ಹಾಗೆ ಇಳಿಜಾರಾದ ಚೌಕ ಮಾಡಿದೆವು. ಚೌಕದ ಅಂಚಿಗೆ ಜೇಡಿಮಣ್ಣಿನಲ್ಲಿ ಇಟ್ಟಿಗೆ ಬಣ್ಣದ ಎತ್ತರದ ಗೋಪುರ.

ಗೋಪುರದ ಚಿತ್ರವನ್ನು ಕಣ್ಣ ಹತ್ತಿರ ಹಿಡಿದೆ, ಮೈ ಜುಮ್ಮೆಂದಿತು. ಗೋಡೆ ತುಂಬ ಸಾಲುಸಾಲಾಗಿ ಪುಟ್ಟ ಚೌಕದ ತೂತುಗಳು. ಪಾರಿವಾಳದ ಗೂಡು ಎಂದಳು ಮೊಮ್ಮಗಳು. ಅಲ್ಲ ಕಂದ, ಅವು ಸಾರುವೆ ತೂತು, ಗೋಡೆ ಏರಿದ ಹಾಗೆ ಅದರೊಳಗೆ ಮರ ತೂರಿಸಿ, ಹಲಗೆ ಹಾಸಿ, ಮೇಲೆ ನಿಂತು ಕಟ್ಟುತ್ತಾರೆ ಎಂದೆ. ಓದಿದ್ದು ಮೂರನೇ ಕ್ಲಾಸು, ಆದರೆ ಇದು ನನಗೆ ಗೊತ್ತು. ಮೈಸೂರಿನಲ್ಲಿ ಹನ್ನೆರಡು ವರ್ಷ ಸಾರುವೆ ಹತ್ತಿ ಗಾರೆ ತುಂಬಿದ ಬಾಂಡ್ಲಿ ಹೊತ್ತವಳು ನಾನು. ನನ್ನ ಬಂಗಾರ ಬಾಯಿ ಬಿಟ್ಟುಕೊಂಡು ಕೇಳಿ, ಊದುಬತ್ತಿ ಕಡ್ಡಿಯಲ್ಲಿ ನಮ್ಮ ಗೋಪುರಕ್ಕೂ ಒಂದೊಂದೇ ತೂತು ಚುಚ್ಚಿದಳು.

ಮರುದಿನ ನೋಡಿದರೆ ಗೋಪುರ ನುಣ್ಣಗಿತ್ತು. ಮಗಳು ತೂತಿಗೆಲ್ಲ ಮಣ್ಣು ಮೆತ್ತಿ ಬಣ್ಣ ಬಳಿದಿದ್ದಳು.

"ಗೆದ್ದಲು ಹಿಡಿದಂಗೆ ಕಾಣ್ತಿತ್ತಮ್ಮ," ಎಂದಳು. ನಾನು ಸಾರುವೆ ಮಾತೆತ್ತಿದ ಕೂಡಲೇ ದನಿ ತಗ್ಗಿಸಿದಳು. "ಅದನ್ನೆಲ್ಲ ಶಾಲೇಲಿ ಹೇಳ್ಬೇಡ ಅಂತ ಅವಳಿಗೆ ಹೇಳಿದೀನಿ. ನಾಳೆ ಅಲ್ಲಿಗೆ ಮಕ್ಕಳ ಮಾದರಿ ನೋಡೋಕೆ ನಮ್ಮ ಫ್ರೆಂಡ್ಸೆಲ್ಲ ಬರ್ತಾರೆ."

ನನ್ನ ರಕ್ತ ಕುದಿಯಿತು. ಆ ಸ್ನೇಹಿತರ ಮುಂದೆ ಅವಳಪ್ಪ, ಅಂದರೆ ನನ್ನ ಗಂಡ, ಬಿಲ್ಡರ್ ಅಂತೆ, ಗಾರೆ ಮೇಸ್ತ್ರಿ ಅಲ್ಲವಂತೆ. ಅವಳು ಕೂಸಾಗಿದ್ದಾಗ ಮಲಗಿದ್ದೇ ಸಾರುವೆ ಮರಕ್ಕೆ ಕಟ್ಟಿದ ಸೀರೆ ಜೋಲಿಯಲ್ಲಿ. ಸಿಯೆನಾದವರು ನೂರಾರು ವರ್ಷ ಮುಚ್ಚದೆ ಬಿಟ್ಟ ತೂತನ್ನು ಇವಳಿಗೆ ಒಂದು ದಿನ ನೋಡಲಾಗಲಿಲ್ಲ.

"ಗೋಪುರ ತಾನಾಗೇ ಎದ್ದು ನಿಂತಿತೇನೇ?" ಎಂದೆ. ಆ ದಿನ ಅವಳು ಬಡಿಸಿದ ಅನ್ನ ಮುಟ್ಟಲಿಲ್ಲ, ಅವಳ ಜೊತೆ ಮಾತೂ ಆಡಲಿಲ್ಲ.

ಮರುದಿನ ಮೂವರೂ ಶಾಲೆಗೆ ಹೋಗುವಾಗ ಮೊಮ್ಮಗಳು ಕಾರಿನ ಹಿಂದಿನ ಸೀಟಿನಲ್ಲಿ ಗೋಪುರವನ್ನು ತೊಡೆ ಮೇಲಿಟ್ಟುಕೊಂಡಿದ್ದಳು. ಶಾಲೆಯ ಮೇಜಿನ ಮೇಲೆ ಇಟ್ಟಾಗ ನೋಡುತ್ತೇನೆ, ತೂತುಗಳೆಲ್ಲ ಮತ್ತೆ ತೆರೆದಿವೆ. ಪೆನ್ಸಿಲ್ ಮೊನೆಯ ಕೆಲಸ. ಟೀಚರ್ ಬಗ್ಗಿ ನೋಡಿ ಏನೋ ಕೇಳಿದರು.

"ಸಾರುವೆ ತೂತು," ಎಂದಳು ನನ್ನ ರಾಣಿ, ಅಚ್ಚಗನ್ನಡದಲ್ಲಿ, ಗಟ್ಟಿಯಾಗಿ. ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಅವಳಿಗೂ ತಿಳಿಯದು. ಬೆರಳನ್ನು ನನ್ನ ಕಡೆ ತೋರಿಸಿದಳು. ಟೀಚರ್, ಸ್ನೇಹಿತರು, ಎಲ್ಲರೂ ಮಗಳ ಮುಖ ನೋಡಿದರು.

ಮಗಳು ಗೋಪುರವನ್ನು ತನ್ನ ಕಡೆ ತಿರುಗಿಸಿಕೊಂಡು ಇಂಗ್ಲಿಷಿನಲ್ಲಿ ಹೇಳತೊಡಗಿದಳು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಹೇಳುತ್ತ ಹೇಳುತ್ತ ಅವಳ ಎರಡೂ ಕೈ ತಲೆ ಮೇಲೆ ಹೋಗಿ, ಇಲ್ಲದ ಬಾಂಡ್ಲಿಯನ್ನು ಹಿಡಿದವು.

ಹಿಡಿದ ರೀತಿ ತಪ್ಪು. ಹಾಗೆ ಹಿಡಿದರೆ ಗಾರೆ ಕತ್ತಿನೊಳಕ್ಕೆ ಸುರಿಯುತ್ತದೆ. ಮನೆ ಸೇರುವವರೆಗೂ, ಮೊಮ್ಮಗಳನ್ನು ಬಿಗಿಯಾಗಿ ತಬ್ಬಿಕೊಂಡೇ, ಅದಕ್ಕಾಗಿ ಮಗಳನ್ನು ಬೈಯುತ್ತಿದ್ದೆ.