ಅತ್ತೆಯ ಕಾಲಿನ ಹೆಸರಿನಲ್ಲಿ

ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಮೆತ್ತಣ್ಣ ಎಂದೇ ಕರೆಯುತ್ತಿದ್ದರು. ಆಳು ಗಟ್ಟಿ, ಮಾತು ಮೆತ್ತಗೆ. ಹೋಟೆಲುಗಳ, ಆಸ್ಪತ್ರೆಗಳ ಹಾಸಿಗೆ ಬಟ್ಟೆ ಅಲ್ಲಿಗೆ ರಾಶಿರಾಶಿಯಾಗಿ ಬರುತ್ತಿತ್ತು. ಒಗೆದ ಬೆಡ್‌ಶೀಟಿನ ಎರಡು ತುದಿ ಹಿಡಿದು, ಒಮ್ಮೆ ಕೊಡವಿ, ಕಾದ ಇಸ್ತ್ರಿ ರೋಲರಿನ ಬಾಯಿಗೆ ಸುಕ್ಕಿಲ್ಲದೆ ಕೊಡುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಅದನ್ನು ನೋಡಿಯೇ ಮಾಲೀಕರು ಅವನನ್ನು ಸೂಪರ್‌ವೈಸರ್ ಮಾಡಿದ್ದರು. ಎರಡು ವರ್ಷ ಕಳೆದ ಮೇಲೆ ಮತ್ತೆ ಅದೇ ರೋಲರಿನ ಮುಂದೆ ತಂದು ನಿಲ್ಲಿಸಿದ್ದರು.

ಈಗ ಆ ಕಾರ್ಖಾನೆಯೇ ಇಲ್ಲ. ಬಾಯ್ಲರ್ ಗುಜರಿಗೆ ಹೋಯಿತು, ಕಟ್ಟಡ ಯಾರದೋ ಗೋದಾಮಾಯಿತು. ಮೆತ್ತಣ್ಣನ ಕೈಯಲ್ಲಿ ಉಳಿದದ್ದು ಒಂದು ಅನುಭವ ಪತ್ರ. ಅದರಲ್ಲಿ ಮೊದಲು ಸೂಪರ್‌ವೈಸರ್ ಎಂದಿತ್ತು, ಅದರ ಕೆಳಗೆ ರೋಲರ್ ಆಪರೇಟರ್ ಎಂದಿತ್ತು. ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಆ ಎರಡು ಸಾಲು ಅವನಿಗಿಂತ ಮೊದಲು ಮಾತಾಡುತ್ತಿದ್ದವು. ಒಂದು ಕಡೆಯ ಗುಮಾಸ್ತನಂತೂ ಕಾಗದವನ್ನು ತಿರುವಿ ಮುರುವಿ ನೋಡಿ, "ಏನ್ರೀ ಇದು, ಏಣಿ ಹತ್ತಿ ಮತ್ತೆ ಇಳಿದುಬಿಟ್ಟಿದ್ದೀರಿ? ಮೇಲೆ ಗಾಳಿ ಜಾಸ್ತಿ ಇತ್ತಾ?" ಎಂದು ಕೇಳಿದ್ದ. ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಮೆತ್ತಣ್ಣ ನೆಲ ನೋಡಿದ. ಕಾಗದ ಎತ್ತಿಕೊಂಡು ಮನೆಗೆ ಬಂದ.

ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಮೂರು ಜನ. ಹೆಂಡತಿ ಕಾಯಿಲೆಯಾಗಿ ತೀರಿಕೊಂಡಿದ್ದಳು. ಅವಳ ತಾಯಿ, ಅಂದರೆ ಅವನ ಅತ್ತೆ, ಕಿಟಕಿ ಪಕ್ಕದ ಮಂಚದ ಮೇಲೆ. ನರ್ಸಿಂಗ್ ಓದುತ್ತಿದ್ದ ಮಗಳು ಅಪ್ಪನ ಕೆಲಸ ಹೋದ ಮೇಲೆ ಕಾಲೇಜು ಬಿಟ್ಟು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದಳು. ಮನೆ ನಡೆಯುತ್ತಿದ್ದುದು ಅವಳ ಸಂಬಳದಿಂದ. ಈ ತಿಂಗಳು ಕಳೆಯುವುದರೊಳಗೆ ವಾಪಸ್ಸು ಸೇರದಿದ್ದರೆ ಅವಳ ಸೀಟು ಬೇರೆಯವರ ಪಾಲಾಗುತ್ತಿತ್ತು. ಅವಳು ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಆಡದೆ ಇರುವುದೇ ಅವನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಹೀಗಿರುವಾಗ ದೊಡ್ಡ ಆಸ್ಪತ್ರೆಯೊಂದು ತನ್ನದೇ ಲಾಂಡ್ರಿ ತೆರೆಯುತ್ತಿದೆ, ಸೂಪರ್‌ವೈಸರ್ ಬೇಕಾಗಿದ್ದಾರೆ ಎಂಬ ಸುದ್ದಿ ಬಂತು. ರಜೆಯ ಮಧ್ಯಾಹ್ನ ಮಗಳು ನೆಲದ ಮೇಲೆ ಕೂತು, ಫೋನಿನಲ್ಲಿ ಅಪ್ಪನ ಬಯೋಡೇಟಾ ಹೊಸದಾಗಿ ಬರೆಯತೊಡಗಿದಳು. ಅತ್ತೆ ಮಂಚದ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಅಪ್ಪಾ, ಹಿಂಬಡ್ತಿ ಅನ್ನೋ ಪದಾನೇ ಬರೀಬಾರದಂತೆ. ನಮ್ಮ ಅಂಗಡಿಗೆ ಬರೋ ಒಬ್ಬ ಮೇಡಂ ಹೇಳಿದ್ರು. ಅವರ ಆಫೀಸಿಗೆ ಜನರನ್ನ ಆರಿಸೋದೇ ಅವರ ಕೆಲಸ."

"ಮತ್ತೇನಂತ ಬರೀಬೇಕಂತೆ?"

"‘ಜವಾಬ್ದಾರಿಯಲ್ಲಿ ಬದಲಾವಣೆ’ ಅಂತ."

"ಎಷ್ಟು ಚೆನ್ನಾಗಿದೆಯೇ!" ಅಂದರು ಅತ್ತೆ. "ನಿನ್ನ ತಾತ ಮನೆ ಬಿಟ್ಟು ಓಡಿಹೋದಾಗ ನನಗೆ ಈ ಮಾತು ಗೊತ್ತಿದ್ದಿದ್ರೆ ಕೇಳಿದೋರಿಗೆಲ್ಲ ಹೇಳಬಹುದಿತ್ತು."

ಮಗಳು ನಕ್ಕಳು. ಮೆತ್ತಣ್ಣನಿಗೆ ನಗು ಬರಲಿಲ್ಲ. "ಎರಡೂ ಸೇರಿಸಿ ಒಂದೇ ಸಾಲಲ್ಲಿ ಬರೆದ್ರೆ ಆಗಲ್ವಾ? ಕಂಪನಿ ಹೆಸರು, ಇಷ್ಟು ವರ್ಷ, ಅಷ್ಟೇ."

"ಅನುಭವ ಪತ್ರ ಕೇಳೇ ಕೇಳ್ತಾರೆ. ಆಗ ಮುಚ್ಚಿಟ್ಟ ಹಾಗಾಗುತ್ತೆ. ಮುಚ್ಚಿಡೋಕೆ ನೀನೇನು ಕದ್ದಿದ್ದೀಯಾ? ಕಾರಣಾನೇ ಬರೆದುಬಿಡೋಣ. ನಿನ್ನ ಕಾರಣ ಎಂಥ ಕಾರಣ ಅಪ್ಪ! ಬೇರೆಯೋರಾಗಿದ್ರೆ ಹಣೆಗೆ ಅಂಟಿಸಿಕೊಂಡು ತಿರುಗ್ತಿದ್ರು." ಅವಳು ಬರೆದು, ಗಟ್ಟಿಯಾಗಿ ಓದಿದಳು: "‘ಕಾಲು ಮುರಿದು ಹಾಸಿಗೆ ಹಿಡಿದಿದ್ದ ಅತ್ತೆಯ ಆರೈಕೆಗಾಗಿ, ರಾತ್ರಿ ಪಾಳಿ ಬೇಡವೆಂದು, ಸೂಪರ್‌ವೈಸರ್ ಹುದ್ದೆಯನ್ನು ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟೆ.’"

ಅತ್ತೆಯ ಕೈ ಬೆಳ್ಳುಳ್ಳಿಯ ಮೇಲೆ ನಿಂತುಬಿಟ್ಟಿತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೆತ್ತಣ್ಣ ಮುಖ ಆಚೆ ತಿರುಗಿಸಿದ. ಏಕೆಂದರೆ ಆ ಸಾಲು ಸುಳ್ಳು. ಅದನ್ನು ಹುಟ್ಟಿಸಿದವನು ಅವನೇ.

ನಡೆದದ್ದು ಬೇರೆ. ಅವನಿಗೆ ಎಲ್ಲರ ಕೆಲಸವೂ ಬರುತ್ತಿತ್ತು, ಯಾರಿಂದಲೂ ಕೆಲಸ ತೆಗೆಯಲು ಬರುತ್ತಿರಲಿಲ್ಲ. ಹಲ್ಲುನೋವು ಎಂದವನನ್ನು ಮನೆಗೆ ಕಳಿಸುತ್ತಿದ್ದ, ಟೀ ಕುಡಿಯಲು ಹೋದವನು ಬರದಿದ್ದರೆ ಅವನ ಜಾಗದಲ್ಲಿ ತಾನೇ ನಿಲ್ಲುತ್ತಿದ್ದ. ಬೈಯಬೇಕೆಂದು ಹೋದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಹಾಗೆ ಯಾರದೋ ಬದಲಿಗೆ ರೋಲರಿನ ಮುಂದೆ ನಿಂತಿದ್ದ ಒಂದು ದಿನ, ಬಟ್ಟೆ ಹೊರಗೆ ಹೋಗುವಾಗ ಅವನು ನಿಲ್ಲಬೇಕಾಗಿದ್ದ ಬಾಗಿಲಲ್ಲಿ ಯಾರೂ ಇರಲಿಲ್ಲ. ಆಸ್ಪತ್ರೆಯ ಟ್ರಾಲಿ ಹೋಟೆಲಿನ ವ್ಯಾನ್ ಹತ್ತಿತು. ಆಪರೇಷನ್ ಕೋಣೆಯ ಹಸಿರು ಬಟ್ಟೆ, ಹೋಗದೆ ಉಳಿದ ಕಲೆಯ ಸಮೇತ, ಹೋಟೆಲಿನ ಅತಿಥಿಯೊಬ್ಬರ ಹಾಸಿಗೆಯ ಮೇಲೆ ಸಿಕ್ಕಿತು. ಹೋಟೆಲಿನವರು ಬಟ್ಟೆ ಕೊಡುವುದನ್ನೇ ನಿಲ್ಲಿಸಿದರು. ಮಾಲೀಕರು ಕೂಗಾಡಲಿಲ್ಲ. "ನಿನಗೆ ಕೈ ಇದೆ, ಬಾಯಿ ಇಲ್ಲ. ಸೂಪರ್‌ವೈಸರ್‌ಗೆ ನಾನು ಸಂಬಳ ಕೊಡೋದು ಬಾಯಿಗೆ. ನಾಳೆಯಿಂದ ರೋಲರಿಗೆ ಹೋಗು," ಅಂದರು.

ಅದೇ ಸಂಜೆ ಹೆಂಡತಿ ಕಾಲು ಮುರಿದ ತಾಯಿಯನ್ನು ಆಸ್ಪತ್ರೆಯಿಂದ ಕರೆತಂದಿದ್ದಳು. "ಮುಖ ಯಾಕೆ ಹೀಗಿದೆ?" ಎಂದು ಕೇಳಿದಳು. ಮೆತ್ತಣ್ಣನ ಬಾಯಿಂದ ತಾನಾಗಿ ಬಂದುಬಿಟ್ಟಿತು: "ಸೂಪರ್‌ವೈಸರ್ ಕೆಲಸ ಬಿಟ್ಟೆ. ರಾತ್ರಿ ಪಾಳಿಗೆ ಹೋದ್ರೆ ಅತ್ತೆನ ಎತ್ತಿ ಕೂರಿಸೋರು ಯಾರು?" ಅವಳು ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆಮೇಲೆ ಅದನ್ನು ವಾಪಸ್ಸು ತೆಗೆದುಕೊಳ್ಳುವುದು ಹೇಗೆ? ಎತ್ತಿ ಕೂರಿಸಿದ್ದೇನೋ ನಿಜ. ಬೆಳಿಗ್ಗೆ ಸಂಜೆ ಅವನೇ ಎತ್ತುತ್ತಿದ್ದ. ಅತ್ತೆ ಅಂದಿನಿಂದ ಮನೆಯಲ್ಲಿ ಮುದುರಿಕೊಂಡು ಬದುಕಿದರು. ಎರಡನೆಯ ಸಲ ಅನ್ನ ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಅಕ್ಕಪಕ್ಕದವರಿಗೆ ಮಾತ್ರ, "ನನ್ನ ಅಳಿಯಂದಿರು ನನ್ನ ಕಾಲಿಗೋಸ್ಕರ ಕುರ್ಚಿ ಬಿಟ್ಟವರು," ಎಂದು ತಲೆಯೆತ್ತಿ ಹೇಳುತ್ತಿದ್ದರು.

ಬಯೋಡೇಟಾ ಹೋಯಿತು. ಈ ಸಲ ಸಂದರ್ಶನಕ್ಕೆ ಕರೆ ಬಂತು. ಮಗಳು ಕುಣಿದಳು. ಅತ್ತೆ ಮಂಚದಿಂದ ಕಾಲು ಕೆಳಗಿಳಿಸಿದರು.

"ನಾನೂ ಬರ್ತೀನಿ."

"ಎಲ್ಲಿಗೆ ಅತ್ತೆ?"

"ಸಂದರ್ಶನಕ್ಕೆ. ನೀವು ಅಲ್ಲಿ ಹೋಗಿ ಕಂಬದ ಹಾಗೆ ನಿಲ್ತೀರಿ. ಆ ಗುಮಾಸ್ತ ಕೇಳಿದಾಗ ಏನು ಮಾಡಿದ್ರಿ? ಇವರು ಕೇಳಲಿ, ನಾನು ಹೇಳ್ತೀನಿ. ಬೇಕಾದ್ರೆ ಕಾಲಿನ ಹೊಲಿಗೇನೂ ತೋರಿಸ್ತೀನಿ."

ಬೇಡವೆಂದು ಹೇಳಲು ಅವನಿಗೆ ಬಾಯಿಯೇ ಬರಲಿಲ್ಲ. ಮಗಳು, "ಹೋಗ್ಲಿ ಬಿಡಪ್ಪ, ಅಜ್ಜಿ ಇದ್ರೆ ಒಳ್ಳೇದೇ," ಅಂದಳು.

ಆಸ್ಪತ್ರೆಯ ಹಿಂಬದಿಯಲ್ಲಿ ಹೊಸ ಸುಣ್ಣದ ವಾಸನೆಯ ಉದ್ದನೆಯ ಮೊಗಸಾಲೆ. ಒಂದು ಕಬ್ಬಿಣದ ಬೆಂಚು, ಒಂದು ಮುಚ್ಚಿದ ಬಾಗಿಲು, ಬಾಗಿಲ ಪಕ್ಕದ ಮೇಜಿನಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿ. ಅತ್ತೆ ನಾಲ್ಕು ಕಾಲಿನ ಊರುಗೋಲನ್ನು ಮುಂದಿಟ್ಟುಕೊಂಡು ಕೂತು, ಕೂತ ಗಳಿಗೆಯಿಂದಲೇ ಆ ಹುಡುಗಿಗೆ ತಮ್ಮ ಕಾಲಿನ ಕಥೆ ಶುರು ಮಾಡಿದರು. ಹುಡುಗಿ ಕೇಳಿ, "ಅಯ್ಯೋ, ಇಂಥ ಅಳಿಯ ಸಿಗಬೇಕಲ್ಲ ಅಜ್ಜಿ!" ಅಂದಳು. ಆಮೇಲೆ ಸಹಜವಾಗಿ, "ನಮ್ಮ ಮೇಡಂಗೆ ಇದೆಲ್ಲ ಗೊತ್ತಾಗುತ್ತೆ ಬಿಡಿ. ಒಳಗೆ ಕೂರಿಸಿಕೊಂಡೇ ಹಳೇ ಮಾಲೀಕರಿಗೆ ಫೋನ್ ಹಚ್ತಾರೆ, ಸ್ಪೀಕರ್‌ನಲ್ಲಿ. ಎಲ್ಲರಿಗೂ ಹಾಗೇ ಮಾಡೋದು," ಅಂದಳು.

ಮೆತ್ತಣ್ಣ ಮುಚ್ಚಿದ ಬಾಗಿಲನ್ನು ನೋಡಿದ. ಮಾಲೀಕರ ದನಿ ಅವನಿಗೆ ಈಗಲೇ ಕೇಳಿಸಿತು. ಅತ್ತೆ ಹೊಲಿಗೆ ತೋರಿಸುತ್ತ ಕೂತಿರುತ್ತಾರೆ, ಸ್ಪೀಕರಿನಿಂದ ಆ ಮಾತು ಬರುತ್ತದೆ. ಎದ್ದು ಹೋಗಿಬಿಡೋಣವೇ? ಹೋದರೆ ಮಗಳ ಸೀಟು ಹೋಯಿತು. ಕೂತರೆ ಅತ್ತೆಯ ಮಾನ ಹೋಯಿತು. ಕೈಯಲ್ಲಿದ್ದ ಬಯೋಡೇಟಾ ಬಿಚ್ಚಿ ಆ ಸಾಲು ನೋಡಿದ.

"ಅತ್ತೆ," ಅಂದ. ದನಿ ಹೊರಗೆ ಬರಲಿಲ್ಲ. ಮತ್ತೆ, "ಅತ್ತೆ, ಇಲ್ಲಿ ಕೇಳಿ. ನಾನು ಬಿಟ್ಟಿದ್ದಲ್ಲ. ಅವರು ತೆಗೆದರು."

"ಏನನ್ನ?"

"ಸೂಪರ್‌ವೈಸರ್ ಕೆಲಸದಿಂದ. ನಾನು ಕೈಲಾಗದೋನು ಅಂತ. ಟ್ರಾಲಿ ಅದಲುಬದಲಾಯ್ತು. ನಿಮ್ಮ ಕಾಲಿಗೂ ಅದಕ್ಕೂ ಸಂಬಂಧಾನೇ ಇಲ್ಲ. ಆವತ್ತು ನಿಮ್ಮ ಮಗಳು ಕೇಳಿದಾಗ ನಾಚಿಕೆಯಾಗಿ ಹಾಗಂದೆ."

ಅತ್ತೆ ಅವನನ್ನೇ ನೋಡಿದರು. ಮುಖದಲ್ಲಿ ಒಂದೊಂದೇ ಗೆರೆ ಬಿಗಿಯಾಗುತ್ತ ಹೋಯಿತು.

"ಅವಳಿಗೆ ಗೊತ್ತಿತ್ತಾ?"

"ಇಲ್ಲ."

"ಇಷ್ಟು ವರ್ಷ," ಅಂದರು ಅತ್ತೆ, "ನಿನ್ನ ಮನೇಲಿ ನಾನು ಕೆಮ್ಮೋಕೂ ಹಿಂದೆಮುಂದೆ ನೋಡ್ದೆ ಕಣೋ. ನನ್ನಿಂದ ಒಂದು ಸಂಸಾರ ಕೆಳಗೆ ಬಿತ್ತು ಅಂತ. ಹೊಟ್ಟೆ ತುಂಬ ತಿಂದ್ರೆ ಪಾಪ ಅಂತ. ಅವಳು ಹೋದಾಗ ಗಟ್ಟಿಯಾಗಿ ಅಳಲೂ ಇಲ್ಲ, ನಿನಗೆ ಇನ್ನೊಂದು ಭಾರ ಬೇಡ ಅಂತ." ಅಳಿಯನಾದ ದಿನದಿಂದ ಅವರು ಅವನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಮೇಜಿನ ಹುಡುಗಿ ಮುಖ ತಗ್ಗಿಸಿ ಇಲ್ಲದ ಕೆಲಸ ಹುಡುಕಿಕೊಂಡಳು.

ಮೆತ್ತಣ್ಣ ಅವಳ ಹತ್ತಿರ ಹೋಗಿ ಪೆನ್ನು ಕೇಳಿದ. ಮಗಳು ಅಚ್ಚು ಹಾಕಿಸಿಕೊಟ್ಟ ಸಾಲಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದ. ಅದರ ಕೆಳಗೆ ನಿಧಾನವಾಗಿ ಬರೆದ: ‘ಕೆಲಸಗಾರರನ್ನು ಹದ್ದುಬಸ್ತಿನಲ್ಲಿಡಲು ನನಗೆ ಆಗಲಿಲ್ಲ. ನನ್ನ ಗಮನ ತಪ್ಪಿ ಆಸ್ಪತ್ರೆಯ ಬಟ್ಟೆ ಹೋಟೆಲಿಗೆ ಹೋಯಿತು. ಹಿಂದಿನ ಕೆಲಸಕ್ಕೆ ಕಳಿಸಿದರು.’ ಅಷ್ಟರಲ್ಲಿ ಒಳಗಿನಿಂದ ಕರೆದರು. ಅತ್ತೆ ಏಳಲಿಲ್ಲ.

ಮ್ಯಾನೇಜರ್ ಮೇಡಂ ಪೆನ್ನಿನ ಸಾಲನ್ನು ಎರಡು ಸಲ ಓದಿದರು. ಫೋನಿನ ಕಡೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಯಾರೂ ಹೀಗೆ ಬರೆಯಲ್ಲ. ಬರೆಯೋರು ಕೆಲಸ ಬೇಡ ಅನ್ನೋರು."

"ಬೇಕು ಮೇಡಂ. ತುಂಬಾ ಬೇಕು. ಮಗಳ ಓದು ನಿಂತುಹೋಗಿದೆ."

"ಆವತ್ತು ನಿಮಗೆ ಬೈಯೋಕೆ ಬಾಯಿ ಬರಲಿಲ್ಲ. ಈಗ ಬರುತ್ತಾ?"

ಬರುತ್ತೆ ಎಂದರೆ ಮುಗಿಯುತ್ತಿತ್ತು. ಮೆತ್ತಣ್ಣ ಯೋಚಿಸಿದ. "ಇವತ್ತು ಒಂದು ಸಲ ಬಂತು, ಹೊರಗೆ. ನಾಳೆ ಬರುತ್ತಾ ಗೊತ್ತಿಲ್ಲ."

ಮೇಡಂ ಕಾಗದವನ್ನು ಮೇಜಿನ ಮೇಲಿಟ್ಟರು. "ನೋಡಿ, ಇಲ್ಲಿ ಟ್ರಾಲಿ ಅದಲುಬದಲಾದ್ರೆ ಗಿರಾಕಿ ಹೋಗಲ್ಲ, ರೋಗಿ ಹೋಗ್ತಾನೆ. ಸೂಪರ್‌ವೈಸರ್ ಕೆಲಸ ನಿಮಗೆ ಕೊಡೋಕಾಗಲ್ಲ. ರೋಲರಿಗೆ ಜನ ಬೇಕು. ಬರ್ತೀರಾ?"

"ಸಂಬಳ?"

ಅವರು ಹೇಳಿದರು. ಅದು ಮನೆ ಬಾಡಿಗೆಗೆ, ಊಟಕ್ಕೆ ಸಾಕು. ಕಾಲೇಜಿಗೆ ಸಾಲದು. ಇನ್ನೊಂದು ಸಲ ಕೇಳೋಣ, ಕಾಲು ಹಿಡಿಯೋಣ ಎಂದು ಮನಸ್ಸು ಹೊಡೆದುಕೊಂಡಿತು. ಮೇಡಂ ಆಗಲೇ ಮುಂದಿನವನ ಕಾಗದ ತೆಗೆದಿದ್ದರು. "ಬರ್ತೀನಿ," ಅಂದ.

ಹೊರಗೆ ಬಂದಾಗ ಅತ್ತೆ ಊರುಗೋಲು ಹಿಡಿದು ಎದ್ದು ನಿಂತಿದ್ದರು. ಕಣ್ಣು ಕೆಂಪಗಿದ್ದವು.

"ಕೊಟ್ಟರಾ?"

"ಕೊಟ್ಟರು. ರೋಲರ್ ಕೆಲಸ."

"ಈ ಸಲ ಯಾರಿಗೋಸ್ಕರ ಇಳಿದ್ರಿ?"

ಅತ್ತೆ ಉತ್ತರಕ್ಕೆ ಕಾಯಲಿಲ್ಲ. "ನಿಮ್ಮ ಮಗಳಿಗೆ ನಾನಂತೂ ಹೇಳಲ್ಲ. ಸಾಯೋವರೆಗೂ ಹೇಳಲ್ಲ. ಹೇಳಬೇಕಾದೋರು ನೀವು," ಅಂದರು.

ಗೇಟಿನ ಹತ್ತಿರ ಬರುವಷ್ಟರಲ್ಲಿ ಅಂಗಿಯ ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಮಗಳು. ಅಂಗಡಿಯಲ್ಲಿ ಗಿರಾಕಿಗಳನ್ನು ನಿಲ್ಲಿಸಿಕೊಂಡೇ ಮಾಡಿರಬೇಕು, ಹಿಂದೆ ಯಾರೋ ಮಾತ್ರೆಯ ಹೆಸರು ಕೂಗುತ್ತಿದ್ದರು.

"ಅಪ್ಪಾ, ಏನಾಯ್ತು? ಆ ಸಾಲು ನೋಡಿದ್ರಾ ಅವರು? ಏನಂದ್ರು?"

ಮೆತ್ತಣ್ಣ ಗೋಡೆಗೆ ಒರಗಿ ನಿಂತ. ಅತ್ತೆ ಎರಡು ಹೆಜ್ಜೆ ದೂರ ಸರಿದು, ಬೆನ್ನು ತಿರುಗಿಸಿ ರಸ್ತೆ ನೋಡುತ್ತ ನಿಂತರು.

"ಮಗಾ," ಅಂದ. "ಸೂಪರ್‌ವೈಸರ್ ಕೆಲಸ ಸಿಗಲಿಲ್ಲ. ಯಾಕೆ ಅಂತ ಹೇಳ್ತೀನಿ. ಫೋನ್ ಇಡಬೇಡ, ಪೂರ್ತಿ ಕೇಳು."