ಫ್ರಿಜ್ಜಿನದಲ್ಲದ ಸದ್ದು

ಸಿದ್ದಾಪುರದ ಬಾಡಿಗೆ ಮನೆಗೆ ಹೊಸ ಫ್ರಿಜ್ಜು ಬಂದ ಮೂರನೇ ದಿನ, ಒಂದು ಭಾನುವಾರ ಬೆಳಿಗ್ಗೆ, ಅದು ಗಂಟಲು ಸರಿಮಾಡಿಕೊಂಡಿತು. ಸುಳ್ಳಲ್ಲ. ಮನುಷ್ಯರು ಮಾತಾಡುವ ಮುಂಚೆ ಮಾಡುತ್ತಾರಲ್ಲ, ಥೇಟ್ ಹಾಗೆಯೇ. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಓಡಿದೆ.

ನಿಮಗೆ ನಗು ಬರಬಹುದು, ನಾನು ಜಮಖಂಡಿ ಕಡೆಯವಳು. ನಮ್ಮಲ್ಲಿ ತಣ್ಣೀರಿಗೆ ಹರವಿ ಇತ್ತು; ಮಣ್ಣಿನ ಹರವಿ ಸದ್ದು ಮಾಡುವುದಿಲ್ಲ. ಹಿಂಡಿ ಎಂಬ ಚಟ್ನಿಪುಡಿ, ಹಪ್ಪಳ, ಸಂಡಿಗೆ ಆ ಒಣ ಹವೆಯಲ್ಲಿ ವರ್ಷಗಟ್ಟಲೆ ಇರುತ್ತಿದ್ದವು. ತೊಂಬತ್ತರ ದಶಕದ ಕೊನೆಯಲ್ಲಿ ಒಂದನೇ ತರಗತಿಯ ಶಿಕ್ಷಕಿಯಾಗಿ ಇಲ್ಲಿಗೆ ಬಂದಾಗ, ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಗೆ ಎರಡೇ ವಾರದಲ್ಲಿ ಬೂಸ್ಟು ಬಂತು. ಚಪ್ಪಲಿಗೂ ಬಂತು. ಮಕ್ಕಳ ಹಾಜರಿ ಪುಸ್ತಕಕ್ಕೂ ಬಂತು. ಅದಕ್ಕೇ ಶಿರಸಿಯ ಅಂಗಡಿಯಿಂದ ಫ್ರಿಜ್ಜು ತಂದದ್ದು. ನಮ್ಮ ಮನೆತನದಲ್ಲೇ ಮೊದಲನೆಯದು.

ಒಂದೇ ಸದ್ದಾಗಿದ್ದರೆ ಸುಮ್ಮನಿರುತ್ತಿದ್ದೆ. ಅದರ ಸದ್ದುಗಳು ನಾಲ್ಕೈದು ಬಗೆ. ಘೂಂ ಎಂದು ನಡುಗುತ್ತಿತ್ತು, ಟಕ್ ಎಂದು ನಿಲ್ಲುತ್ತಿತ್ತು, ನಿಂತ ಮೇಲೆ ಹೊಟ್ಟೆಯಲ್ಲಿ ನೀರು ಹರಿದಂತೆ ಗುಳುಗುಳು ಅನ್ನುತ್ತಿತ್ತು, ಇದ್ದಕ್ಕಿದ್ದಂತೆ ಪಟ್ ಎಂದು ಸಿಡಿಯುತ್ತಿತ್ತು. ಇವುಗಳ ನಡುವೆ ಆ ಗಂಟಲಿನ ಸದ್ದು, ಒಮ್ಮೊಮ್ಮೆ ಸಣ್ಣ ನರಳಿಕೆ. ಅಂಗಡಿಯವನು ಹಳೆಯದಕ್ಕೆ ಬಣ್ಣ ಬಳಿದು ಕೊಟ್ಟಿದ್ದಾನೆ ಎಂದೇ ತೀರ್ಮಾನಿಸಿದೆ. ಗಂಡ ಊರಲ್ಲಿ, ನಾನಿಲ್ಲಿ ಒಬ್ಬಳೇ. ಪರವೂರಿನ ಹೆಂಗಸು ಎಂದು ಯಾರು ಬೇಕಾದರೂ ಮೋಸ ಮಾಡಬಹುದು.

ನನ್ನದು ಮನೆಯ ಹಿಂಭಾಗ; ಮುಂಭಾಗದಲ್ಲಿದ್ದ ಮನೆಯೊಡತಿ ಸರೋಜಕ್ಕನನ್ನು ಕೇಳಿದೆ. ಟೀಚರನ್ನು ಈ ಕಡೆ ಅಕ್ಕೋರು ಅನ್ನುತ್ತಾರೆ.

"ಅದು ನಿಮ್ಮ ಫ್ರಿಜ್ಜೇಯ ಅಕ್ಕೋರೆ. ಹೊಸತರಲ್ಲಿ ಹಂಗೇ ಸದ್ದು ಮಾಡ್ತು. ಆಸರಿಗೆ ಎಂತ ಕೊಡ್ಲಿ, ಮಜ್ಜಿಗೆ ಅಕ್ಕಾ?"

ಆಸರಿ ಎಂದರೆ ಬಾಯಾರಿಕೆ. ಅಕ್ಕು ಎಂದರೆ ಆದೀತು. ನಮ್ಮಲ್ಲಿ ಬಂದವರ ಕೈಗೆ ನೀರಿನ ತಂಬಿಗೆ ಕೊಟ್ಟು, ಒಳಗೆ ಕರೆದು, ಇಡೀ ಕುಟುಂಬದ ಸುದ್ದಿ ಕೇಳುತ್ತಾರೆ. ಇವರು ಜಗುಲಿಯಲ್ಲೇ ಮಜ್ಜಿಗೆ ಕೊಟ್ಟು, ಅಲ್ಲಿಂದಲೇ ಕಳಿಸುತ್ತಿದ್ದರು. ಒಳಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ತಮ್ಮ ಯಜಮಾನರು ಹುಬ್ಬಳ್ಳಿಯ ಮಗಳ ಮನೆಯಲ್ಲಿದ್ದಾರೆ ಎಂದಿದ್ದರು. ಹಾಗಾದರೆ ತಂತಿಯ ಮೇಲೆ ದಿನಾ ಒಣಗುವ ಪಂಚೆ ಯಾರದು?

ನಾನಿಲ್ಲದಾಗ ಇವರು ನನ್ನ ಕೋಣೆಗೆ ಬರುತ್ತಾರೇನೋ ಎಂಬ ಅನುಮಾನ ಹೊಕ್ಕಿತು. ಶಾಲೆಗೆ ಹೊರಡುವಾಗ ಬಾಗಿಲ ಸಂದಿಯಲ್ಲಿ ಒಂದು ದಾರ ಸಿಕ್ಕಿಸತೊಡಗಿದೆ. ಸಂಜೆ ಬಂದರೆ ದಾರ ಇದ್ದಲ್ಲೇ ಇರುತ್ತಿತ್ತು. ನೆಮ್ಮದಿಯ ಬದಲು, ದಾರ ನೋಡಿ ಮತ್ತೆ ಹಾಗೇ ಇಟ್ಟಿದ್ದಾರೆ ಎಂದುಕೊಂಡೆ. ಒಂಟಿತನ ನನ್ನನ್ನು ಅಷ್ಟರಮಟ್ಟಿಗೆ ಕೆಡಿಸಿತ್ತು.

ಕೊನೆಗೆ ಶಿರಸಿಯ ಮೆಕ್ಯಾನಿಕ್ ಇಬ್ರಾಹಿಂ ಅವರಿಗೆ ಹೇಳಿಕಳಿಸಿದೆ. ಶನಿವಾರ ಮಧ್ಯಾಹ್ನ ಬೈಕಿನಲ್ಲಿ ಬಂದರು. ನರೆತ ಗಡ್ಡದ, ನಿಧಾನದ ಮನುಷ್ಯ. ಉಪಕರಣ ಬಿಚ್ಚುವ ಬದಲು ನೆಲದ ಮೇಲೆ ಕೂತು, ಫ್ರಿಜ್ಜಿಗೆ ಕಿವಿಯಿಟ್ಟರು.

"ನೀವೂ ಕೂತ್ಕೊಳ್ಳಿ, ಅಕ್ಕೋರೆ. ಘೂಂ ಅಂತಿದೆಯಲ್ಲ, ಅದು ಕಂಪ್ರೆಸರ್. ತಣ್ಣಗಾದ ಮೇಲೆ ಟಕ್ ಅಂತ ತಾನೇ ನಿಲ್ತದೆ. ಆಮೇಲೆ ಪೈಪಲ್ಲಿ ಗ್ಯಾಸ್ ಹರೀತದೆ, ಅದಕ್ಕೇ ಗುಳುಗುಳು. ತಂಡಿಗೆ ಒಳಗಿನ ಪ್ಲಾಸ್ಟಿಕ್ ಬಿಗೀತದೆ, ಪಟ್ ಅಂತದೆ. ಎಲ್ಲಾ ಸರಿಯಾಗಿದೆ. ನಿಮ್ಮ ನೆಲ ಓರೆ, ಅದಕ್ಕೆ ನಡುಕ ಜಾಸ್ತಿ." ಒಂದು ಕಾಲಿನ ಕೆಳಗೆ ರಟ್ಟು ಮಡಚಿಟ್ಟರು. ನಡುಕ ಇಳಿಯಿತು.

"ಮತ್ತೆ ಆ ಗಂಟಲಿನ ಸದ್ದು?"

"ಗಂಟಲಾ? ಅಂಥದ್ದು ಇದಕ್ಕಿಲ್ಲ." ನನ್ನ ಸಮಾಧಾನಕ್ಕೆ ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದರು. ಗುಳುಗುಳು ನಿಧಾನಕ್ಕೆ ನಿಂತಿತು. ಇಬ್ಬರೂ ಕಿವಿಗೊಟ್ಟೆವು.

ಆಗ ಫ್ರಿಜ್ಜಿನ ಹಿಂದಿನಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಹಿಂದೆಯೇ "ಬ್… ಬ್…" ಎಂದಿತು.

ಇಬ್ರಾಹಿಂ ಕೈಯಲ್ಲಿದ್ದ ಪ್ಲಗ್ಗನ್ನು ನೋಡಿದರು, ನನ್ನನ್ನು ನೋಡಿದರು. "ಅಕ್ಕೋರೆ, ಇದು ಗೋಡೆಯ ಆಚೆ ಇರೋ ಮನುಷ್ಯನ ಸದ್ದು."

ಫ್ರಿಜ್ಜು ಬರುವ ಮುಂಚೆ ಆ ಗೋಡೆಯ ಕಡೆ ನಾನು ಕಿವಿಗೊಟ್ಟಿರಲೇ ಇಲ್ಲ. ಅವರು ಹೋದ ಮೇಲೆ ನೇರ ಜಗುಲಿಗೆ ನಡೆದೆ. ಸರೋಜಕ್ಕ ತಡೆಯುವಷ್ಟರಲ್ಲಿ ಒಳಬಾಗಿಲು ದೂಡಿದ್ದೆ. ಬೆತ್ತದ ಕುರ್ಚಿಯಲ್ಲಿ ಪಂಚೆಯುಟ್ಟ ಒಬ್ಬರು ಕೂತಿದ್ದರು. ಬಾಯಿ ಒಂದು ಬದಿಗೆ ವಾಲಿತ್ತು. ನನ್ನನ್ನು ಕಂಡದ್ದೇ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಇವರೇ ಮನೆಯ ಯಜಮಾನರು, ಹೆಗಡೆಯವರು. ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲದೆ ಕೂತು, ಬರೀ ಮಾತಿನಲ್ಲೇ ಕೃಷ್ಣನೋ ಕೌರವನೋ ಆಗಿ ವಾದಿಸುವ ಕಲೆ ಅದು. ಇವರ ಮಾತು ಕೇಳಲು ಯಲ್ಲಾಪುರದಿಂದಲೂ ಜನ ಬರುತ್ತಿದ್ದರಂತೆ. ಹಿಂದಿನ ವರ್ಷ ಲಕ್ವ ಹೊಡೆದು ಮಾತು ಹೋಗಿತ್ತು. ಯಾರೂ ನೋಡಕೂಡದು ಎಂಬುದು ಅವರದೇ ಹಟ.

ಸರೋಜಕ್ಕ ನನ್ನ ತೋಳು ಹಿಡಿದರು. "ಶಾಲೆಲಿ ಹೇಳಡಿ. ಪೇಟೆಲೂ ಹೇಳಡಿ." ಹೇಳಬೇಡಿ ಎಂದು ಬೇಡಿಕೊಳ್ಳುವ ಮಾತೇ, ಆದರೆ ಕಣ್ಣಿನಲ್ಲಿ ನಂಬಿಕೆ ಇರಲಿಲ್ಲ. ಇಷ್ಟು ದಿನ ನಾನು ಅವರನ್ನು ಹೇಗೆ ನೋಡಿದ್ದೆನೋ ಹಾಗೆಯೇ ಅವರು ನನ್ನನ್ನು ನೋಡಿದರು. ನಾಚಿಕೆಯಾಯಿತು.

ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಹೆಗಡೆಯವರ ಎದುರು ಕೂತು, ಒಂದನೇ ತರಗತಿಯ ಮಕ್ಕಳಿಗೆ ತೋರಿಸುವಂತೆ ತುಟಿ ಒತ್ತಿ, ಬಿಟ್ಟೆ. "ಬ." ಅವರ ಕಿವಿ ಕೆಂಪಾಯಿತು. ಎದ್ದು ಹೋಗೆಂದು ಕೈ ಬೀಸಿದರು. ಮರುದಿನ ಸಂಜೆ ಮತ್ತೆ ಹೋದೆ. ಸರೋಜಕ್ಕ ಬಾಗಿಲಲ್ಲೇ ನಿಂತು, ನಾನು ನಗುತ್ತೇನೋ ಎಂದು ಕಾಯುತ್ತಿದ್ದರು. ನಾಲ್ಕನೇ ದಿನ ಹೆಗಡೆಯವರು ತುಟಿ ಒತ್ತಿದರು.

ತಿಂಗಳುಗಟ್ಟಲೆ ನಡೆಯಿತು. ಸೊಂಟ ನೋಯುವ ತನಕ ಕೂರುತ್ತಿದ್ದೆ. ಒಂದು ಸಂಜೆ ಅವರ ಮೇಳದ ಮದ್ದಳೆಯವರು ತಡೆಯಲಾರದೆ ನೋಡಲು ಬಂದರು. ಹೆಗಡೆಯವರು ಈ ಸಲ ಮುಖ ತಿರುಗಿಸಲಿಲ್ಲ. ತುಂಬ ಹೊತ್ತು ತಿಣುಕಿ, "ಬರ್ರಿ" ಎಂದರು.

ಮದ್ದಳೆಯವರ ಕಣ್ಣು ತುಂಬಿತು, ಮತ್ತೆ ನಗುವೂ ಬಂತು. "ಇದು ಯಾವೂರ ಮಾತೋ?"

ಇಲ್ಲಿಯವರ ಬಾಯಲ್ಲಿ ಬರಬೇಕಾದದ್ದು 'ಬನ್ನಿ'. ಗೊತ್ತಿಲ್ಲದೆ ನಾನು ನಮ್ಮೂರಿನದನ್ನೇ ಕಲಿಸಿಬಿಟ್ಟಿದ್ದೆ. ಸರೋಜಕ್ಕ ನನ್ನ ಕಡೆ ಬೆರಳು ತೋರಿಸಿದರು. ಹೆಮ್ಮೆಯೋ ದೂರೋ ಇವತ್ತಿಗೂ ಗೊತ್ತಿಲ್ಲ.

ಅದಾಗಿ ಐದು ವರ್ಷ. ಹೆಗಡೆಯವರು ತಾಳಮದ್ದಳೆಯಲ್ಲಿ ಅರ್ಥ ಹೇಳುವಷ್ಟು ಮತ್ತೆ ಚೇತರಿಸಿಕೊಳ್ಳಲಿಲ್ಲ. ಮಜ್ಜಿಗೆ ಕೇಳುತ್ತಾರೆ, ಪೇಪರಿನ ತಲೆಬರಹ ಓದುತ್ತಾರೆ, ನಾನು ತಡವಾಗಿ ಬಂದರೆ ಬೈಯುತ್ತಾರೆ. ಸರೋಜಕ್ಕ ಅಕ್ಕೋರೆ ಅನ್ನುವುದು ಬಿಟ್ಟು ತಂಗಿ ಅನ್ನುತ್ತಾರೆ. ಕಳೆದ ವಾರ ಜಮಖಂಡಿಗೆ ವರ್ಗಾವಣೆ ಕೇಳಿ ಅರ್ಜಿ ಹಾಕಿದೆ. ಗಂಡ ಅಲ್ಲಿದ್ದಾರೆ, ಅವ್ವ ಅಲ್ಲಿದ್ದಾಳೆ. ಹಾಕದೆ ಇರುವುದು ಹೇಗೆ? ಇವರಿಬ್ಬರಿಗೆ ಇನ್ನೂ ಹೇಳಿಲ್ಲ.

ನಿನ್ನೆ ಸರೋಜಕ್ಕ ನನ್ನ ಮುಖವನ್ನೇ ನೋಡುತ್ತಾ, "ಎಂತ ಆತು ತಂಗಿ?" ಎಂದರು.

"ಎಂತ ಇಲ್ಲೆ" ಎಂದೆ, ಅವರದೇ ಮಾತಿನಲ್ಲಿ, ಅವರಷ್ಟೇ ಸಲೀಸಾಗಿ.

ಅವರು ನಂಬಲಿಲ್ಲ.